ಎರಡು ತಿಂಗಳ ಸಮವಸ್ತ್ರ, ಹತ್ತು ತಿಂಗಳ ಲೆಕ್ಕಪತ್ರ

ಮಾರ್ಚ್ 31 ಎಂದರೆ ಬ್ಯಾಂಕಿನವರ ಪಾಲಿಗೆ ಇನ್ನೊಂದು ಶಿವರಾತ್ರಿ, ಜಾಗರಣೆ ತಪ್ಪಿದ್ದಲ್ಲ. ವರ್ಷದ ಲೆಕ್ಕ ಮುಗಿಯಬೇಕು, ವಸೂಲಾಗದ ಸಾಲಗಳ ಪಟ್ಟಿ ಸಿದ್ಧವಾಗಬೇಕು, ಲೆಕ್ಕಪರಿಶೋಧಕರು ಕೇಳಿದ ಕಾಗದ ಕೇಳಿದ ಕ್ಷಣ ಕೈಗೆ ಸಿಗಬೇಕು. ಹಾಗೆ ನಡುರಾತ್ರಿ ಮನೆ ಸೇರಿದ ಅಧಿಕಾರಿಯೊಬ್ಬ, ಅದೇ ವರ್ಷದ ಮತ್ತೊಂದು ತಿಂಗಳಲ್ಲಿ ಬೆಳಗಿನ ಐದಕ್ಕೇ ಬೂಟಿನ ದಾರ ಬಿಗಿದು, ಹೆಗಲಿಗೆ ರೈಫಲ್ ಏರಿಸಿ ಕವಾಯತು ಮೈದಾನದಲ್ಲಿ ನಿಂತಿರುತ್ತಾನೆ ಎಂದರೆ ನಂಬುವವರು ಕಡಿಮೆ. ಆದರೆ ನಮ್ಮ ದೇಶದಲ್ಲಿ ಅದಕ್ಕೆ ಕಾನೂನುಬದ್ಧವಾದ ಒಂದು ದಾರಿ ಇದೆ. ಅದರ ಹೆಸರು ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ. ಚಿಕ್ಕದಾಗಿ ಟಿಎ.

ಈ ಮಾತು ಮನೆಯಲ್ಲಿ ಬಂದಾಗ ಸಾಮಾನ್ಯವಾಗಿ ನಡೆಯುವ ಸಂಭಾಷಣೆ ಹೀಗಿರುತ್ತದೆ.

‘ಅಲ್ಲ ಕಣೋ, ಒಳ್ಳೆ ಬ್ಯಾಂಕ್ ಕೆಲಸ ಸಿಕ್ಕಿದೆ. ಈಗ್ಯಾಕೆ ನಿಂಗೆ ಬಂದೂಕಿನ ಸಹವಾಸ?’

‘ಅಮ್ಮಾ, ಕೆಲಸ ಬಿಡು ಅಂತ ಅಲ್ಲಿ ಯಾರೂ ಹೇಳಲ್ಲ. ಕೆಲಸ ಇದ್ರೇನೇ ಅವರು ತಗೊಳ್ಳೋದು.’

ಮಗ ಹೇಳಿದ್ದು ನಿಜ. ಟಿಎ ಅಧಿಕಾರಿಯಾಗಲು ಅರ್ಜಿ ಹಾಕುವ ನಾಗರಿಕರಿಗೆ 18ರಿಂದ 42ರ ನಡುವಿನ ವಯಸ್ಸು, ಪದವಿ, ದೇಹದಾರ್ಢ್ಯ ಇವುಗಳ ಜೊತೆಗೆ ಇನ್ನೊಂದು ಷರತ್ತು ಇದೆ: ಅವರು ಸಂಪಾದನೆಯ ಉದ್ಯೋಗದಲ್ಲಿರಬೇಕು. ನಿರುದ್ಯೋಗಿಗೆ ಕೆಲಸ ಕೊಡುವ ಸಂಸ್ಥೆ ಇದಲ್ಲ. ತನ್ನ ಹೊಟ್ಟೆಪಾಡಿಗೆ ಬೇರೆ ದಾರಿ ಇರುವವನು ವರ್ಷದಲ್ಲಿ ಕೆಲವು ಕಾಲ ಸೈನಿಕನಾಗಿರಲಿ, ದೇಶಕ್ಕೆ ಅಗತ್ಯ ಬಿದ್ದಾಗ ಪೂರ್ತಿ ಸೈನಿಕನಾಗಲಿ ಎಂಬುದೇ ಇದರ ಮೂಲ ಕಲ್ಪನೆ. ಖಾಯಂ ಸೇನೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಈಗಾಗಲೇ ಇರುವವರು ಅರ್ಜಿ ಹಾಕುವಂತಿಲ್ಲ.

ಬ್ರಿಟಿಷರ ಕಾಲದಲ್ಲಿ, 1920ರಲ್ಲಿ, ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಎಂಬ ಹೆಸರಿನಲ್ಲಿ ಇದರ ಹಿಂದಿನ ರೂಪ ಹುಟ್ಟಿತ್ತು. ಸ್ವಾತಂತ್ರ್ಯಾನಂತರ 1948ರಲ್ಲಿ ಹೊಸ ಕಾಯಿದೆ ಬಂತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಇದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆಗ ಸೇನೆಯ ಮಹಾದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು. ‘ಸಾವಧಾನಿ ವ ಶೂರತಾ’, ಅಂದರೆ ಎಚ್ಚರ ಮತ್ತು ಶೌರ್ಯ, ಇದರ ಧ್ಯೇಯವಾಕ್ಯ. 1962, 1965, 1971ರ ಯುದ್ಧಗಳಲ್ಲಿ ಟಿಎ ಘಟಕಗಳು ಸೇವೆ ಸಲ್ಲಿಸಿವೆ. ಯುದ್ಧಕ್ಕೆ ಸಂಬಂಧವೇ ಇಲ್ಲದ ಒಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಿಗೆ ಮತ್ತೆ ಹಸಿರು ತಂದವರಲ್ಲಿ 1982ರಲ್ಲಿ ಆರಂಭವಾದ ಟಿಎ ಪರಿಸರ ಬೆಟಾಲಿಯನ್ನಿನ ಜವಾನರು ಪ್ರಮುಖರು.

ಬೆಂಗಳೂರಿಗೂ ಟಿಎಗೂ ನೇರ ನಂಟಿದೆ. ಪ್ಯಾರಾಚೂಟ್ ರೆಜಿಮೆಂಟಿಗೆ ಸೇರಿದ 106ನೇ ಇನ್‌ಫೆಂಟ್ರಿ ಬೆಟಾಲಿಯನ್ (ಟಿಎ) ನೆಲೆ ಇಲ್ಲಿಯೇ. ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ್ ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ದೊರೆತದ್ದೂ, 2015ರಲ್ಲಿ ಆಗ್ರಾದಲ್ಲಿ ಅವರು ವಿಮಾನದಿಂದ ಐದು ಬಾರಿ ಜಿಗಿದು ಪ್ಯಾರಾಟ್ರೂಪರ್ ಎನಿಸಿದ್ದೂ, 2019ರಲ್ಲಿ ಕಾಶ್ಮೀರದಲ್ಲಿ ಎರಡು ವಾರ ಈ ಬೆಟಾಲಿಯನ್ ಜೊತೆ ಇದ್ದದ್ದೂ ಪತ್ರಿಕೆಗಳಲ್ಲಿ ಬಂದ ಸಂಗತಿ. ಆದರೆ ಮಕ್ಕಳು ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಗೌರವ ಪದವಿ ಬೇರೆ, ಪರೀಕ್ಷೆ ಬರೆದು ಗಳಿಸುವ ಪದವಿ ಬೇರೆ. ರಾಜಕಾರಣಿಗಳಾದ ಸಚಿನ್ ಪೈಲಟ್ 2012ರಲ್ಲಿ, ಅನುರಾಗ್ ಠಾಕೂರ್ 2016ರಲ್ಲಿ ಟಿಎ ಸೇರಿದ್ದು ಆಯ್ಕೆಯ ಮೆಟ್ಟಿಲುಗಳನ್ನು ಹತ್ತಿಯೇ. ಬ್ಯಾಂಕ್ ನೌಕರನಿಗೂ, ಸಿಎ ಆದವನಿಗೂ, ಷೇರು ಕಂಪನಿಯ ವಿಶ್ಲೇಷಕನಿಗೂ ತೆರೆದಿರುವುದು ಈ ಎರಡನೆಯ ಬಾಗಿಲು.

ಲಂಡನ್ನಿನ ಹಳೆಯ ಉದಾಹರಣೆ

ಹಣಕಾಸಿನ ವೃತ್ತಿ, ಅರೆಕಾಲಿಕ ಸೈನ್ಯ ಇವೆರಡೂ ಅಕ್ಕಪಕ್ಕದಲ್ಲಿ ಬೆಳೆದಿರುವ ಜಾಗವನ್ನು ನೋಡಬೇಕಾದರೆ ಲಂಡನ್ನಿಗೆ ಹೋಗಬೇಕು. ಬ್ಯಾಂಕುಗಳು, ವಿಮಾ ಕಂಪನಿಗಳು, ದಲ್ಲಾಳಿ ಸಂಸ್ಥೆಗಳು ತುಂಬಿರುವ ಹಳೆಯ ಲಂಡನ್ ನಗರದ ಅಂಚಿನಲ್ಲಿ, ಸಿಟಿ ರೋಡ್ ಎಂಬಲ್ಲಿ, ಒಂದು ದೊಡ್ಡ ಹಸಿರು ಮೈದಾನ, ಅದರ ಪಕ್ಕ ಆರ್ಮರಿ ಹೌಸ್ ಎಂಬ ಕಟ್ಟಡ ಇವೆ. ಆನರಬಲ್ ಆರ್ಟಿಲರಿ ಕಂಪನಿಯ ನೆಲೆ ಅದು. ಎಂಟನೆಯ ಹೆನ್ರಿ ದೊರೆ ಇದಕ್ಕೆ ಸನ್ನದು ಕೊಟ್ಟದ್ದು 1537ರಲ್ಲಿ. ಹೆಸರಿನಲ್ಲಿ ‘ಕಂಪನಿ’ ಇದ್ದರೂ ವ್ಯಾಪಾರದ ಕಂಪನಿಯಲ್ಲ. ಬ್ರಿಟನ್ನಿನ ಮೀಸಲು ಸೇನೆಯ ಒಂದು ರೆಜಿಮೆಂಟು. ಹಗಲು ಹತ್ತಿರದ ಕಚೇರಿಗಳಲ್ಲಿ ದುಡಿದು ಸಂಜೆ ಮತ್ತು ವಾರಾಂತ್ಯಗಳಲ್ಲಿ ಇಲ್ಲಿ ತರಬೇತಿಗೆ ಬರುವವರು ಬಹಳ ಕಾಲದಿಂದ ಇದ್ದಾರೆ.

ಆ ಮೈದಾನದ ಕಥೆ ಇನ್ನೂ ಸ್ವಾರಸ್ಯದ್ದು. 1744ರಲ್ಲಿ ಕೆಂಟ್ ತಂಡಕ್ಕೂ ಇಂಗ್ಲೆಂಡ್ ತಂಡಕ್ಕೂ ಹೆಸರಾಂತ ಕ್ರಿಕೆಟ್ ಪಂದ್ಯ ನಡೆದದ್ದು ಅಲ್ಲಿಯೇ. 1784ರ ಸೆಪ್ಟೆಂಬರ್ 15ರಂದು ಇಟಲಿಯ ವಿನ್ಸೆಂಜೊ ಲುನಾರ್ಡಿ ಜಲಜನಕ ತುಂಬಿದ ಬಲೂನಿನಲ್ಲಿ ಮೇಲೇರಿದ್ದೂ ಅದೇ ನೆಲದಿಂದ. ಜಲಜನಕ ಗಾಳಿಗಿಂತ ಹಗುರ ಎಂದು ಪ್ರಯೋಗಶಾಲೆಯಲ್ಲಿ ಸೋಪಿನ ಗುಳ್ಳೆ ಹಾರಿಸಿ ತೋರಿಸುವ ಪಾಠವನ್ನು ಆ ದಿನ ಲಂಡನ್ನಿನ ಜನ ಕತ್ತೆತ್ತಿ ನೋಡಿದ್ದರು. ಇರಲಿ, ವಿಷಯಕ್ಕೆ ಬರೋಣ.

ಬ್ರಿಟನ್ನಿನ ಮೀಸಲು ಸೇನೆಯ ಸಾಮಾನ್ಯ ಘಟಕವೊಂದರಲ್ಲಿ ಇರುವವನು ವರ್ಷಕ್ಕೆ ಸುಮಾರು 27 ದಿನ ಕೊಡಬೇಕು. ಅದರಲ್ಲಿ ಎರಡು ವಾರ ಒಟ್ಟಿಗೆ, ಉಳಿದದ್ದು ವಾರಾಂತ್ಯ ಮತ್ತು ಸಂಜೆಗಳು. ಅಮೆರಿಕದ ನ್ಯಾಷನಲ್ ಗಾರ್ಡ್‌ನಲ್ಲಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಎಂಬುದು ವಾಡಿಕೆಯ ಲೆಕ್ಕ. ಅಲ್ಲಿ ಸೇವೆಗೆ ಹೋದವನ ನೌಕರಿಯನ್ನು ಉಳಿಸಿಕೊಡುವ ಕಾನೂನು 1994ರಲ್ಲಿ ಬಂತು. ಹೀಗೆ ಹನಿಹನಿಯಾಗಿ ಸಮಯ ಕೇಳುವ ಪದ್ಧತಿ ಕಚೇರಿಯವರಿಗೆ ಅನುಕೂಲ ಎನಿಸುತ್ತದೆ. ಆದರೆ 2001ರ ನಂತರ ಇರಾಕ್, ಆಫ್ಘಾನಿಸ್ತಾನಗಳಿಗೆ ಕರೆ ಬಂದಾಗ ‘ತಿಂಗಳಿಗೊಂದು ವಾರಾಂತ್ಯ’ ಎಂದು ಸೇರಿದ ಎಷ್ಟೋ ಜನ ವರ್ಷಗಟ್ಟಲೆ ಮನೆ ಬಿಟ್ಟಿರಬೇಕಾಯಿತು.

ನಮ್ಮ ಲೆಕ್ಕ

ಭಾರತದ ಪದ್ಧತಿ ಬೇರೆ. ಇಲ್ಲಿ ಸಮಯವನ್ನು ಒಟ್ಟಿಗೇ ಕೇಳುತ್ತಾರೆ. ಅಧಿಕಾರಿಯಾದವನು ಪ್ರತಿ ವರ್ಷ ಎರಡು ತಿಂಗಳ ವಾರ್ಷಿಕ ಶಿಬಿರಕ್ಕೆ ಹೋಗಬೇಕು. ಮೊದಲ ವರ್ಷ ಅದರ ಜೊತೆಗೆ ಒಂದು ತಿಂಗಳ ಮೂಲ ತರಬೇತಿ. ಮೊದಲ ಎರಡು ವರ್ಷಗಳೊಳಗೆ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಮೂರು ತಿಂಗಳ ತರಬೇತಿ.

ವಿದ್ಯಾರ್ಥಿಗಳು ಇದನ್ನು ಒಮ್ಮೆ ಕೂಡಿಸಿ ನೋಡಲಿ. ಎರಡು ಶಿಬಿರಗಳಿಗೆ ನಾಲ್ಕು ತಿಂಗಳು, ಮೂಲ ತರಬೇತಿಗೆ ಒಂದು, ಡೆಹ್ರಾಡೂನಿಗೆ ಮೂರು. ಒಟ್ಟು ಎಂಟು. ಅಂದರೆ ಮೊದಲ 24 ತಿಂಗಳಲ್ಲಿ ಮೂರನೆಯ ಒಂದು ಭಾಗ ಕಚೇರಿಯ ಕುರ್ಚಿ ಖಾಲಿ! ‘ವರ್ಷಕ್ಕೆ ಎರಡೇ ತಿಂಗಳು’ ಎಂಬ ಮಾತನ್ನು ಕೇಳಿ ಉತ್ಸಾಹಪಡುವವರು ಗಮನಿಸದೆ ಬಿಡುವುದು ಈ ಆರಂಭದ ಭಾರವನ್ನೇ. ಬ್ಯಾಂಕ್ ಅಧಿಕಾರಿಗೆ ವರ್ಷಕ್ಕೆ ಸಿಗುವ ಗಳಿಕೆ ರಜೆ ಸುಮಾರು ಒಂದು ತಿಂಗಳು. ಅದನ್ನೆಲ್ಲ ಸೇನೆಗೇ ಕೊಟ್ಟರೂ ಸಾಲದು. ಮಿಗಿಲಾಗಿ, ಹೆಂಡತಿ ಮಕ್ಕಳಿಗೆ, ಊರಿನ ಜಾತ್ರೆಗೆ, ತಂದೆಯ ಆಸ್ಪತ್ರೆ ಓಡಾಟಕ್ಕೆ ಒಂದು ದಿನವೂ ಉಳಿಯದು. ಆದ್ದರಿಂದ ಮಾಲೀಕನ ಒಪ್ಪಿಗೆಯಿಲ್ಲದೆ ಈ ದಾರಿ ಹಿಡಿಯುವುದು ವಿವೇಕವಲ್ಲ. ಸರ್ಕಾರಿ ನೌಕರಿಯಲ್ಲಿರುವವರು ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ತರಬೇಕಾಗುತ್ತದೆ. ಖಾಸಗಿಯವರಿಗೆ ಮೇಲಧಿಕಾರಿಯೊಡನೆ ಕೂತು ಮಾತನಾಡದೆ ಗತ್ಯಂತರವಿಲ್ಲ.

ಸೇವೆಗೆ ಕರೆಸಿಕೊಂಡವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎಂಬ ಅಂಶ 1948ರ ಕಾಯಿದೆಯಲ್ಲಿದೆ. ಆದರೆ ಕಾನೂನು ಕುರ್ಚಿಯನ್ನು ಉಳಿಸಿಕೊಟ್ಟೀತು. ಆ ಎಂಟು ತಿಂಗಳಲ್ಲಿ ಬೇರೆಯವರ ಕೈ ಸೇರಿದ ಗಿರಾಕಿಯನ್ನು ಮರಳಿ ತಂದುಕೊಡುವುದಿಲ್ಲ. ಬಡ್ತಿಯ ಸಾಲಿನಲ್ಲಿ ಹಿಂದೆ ನಿಲ್ಲಬೇಕಾದರೂ ಬೇಕಾಗಬಹುದು. ಹೆತ್ತವರ ಆತಂಕ ನ್ಯಾಯವಾದದ್ದೇ. ಎರಡು ದೋಣಿಗಳ ಮೇಲೆ ಕಾಲಿಡುವವನು ಎರಡರ ನಡುವಿನ ನೀರನ್ನು ಅಳೆದುಕೊಂಡಿರಬೇಕು.

ಯಾವ ಬಗೆಯ ಹಣಕಾಸಿನ ಕೆಲಸ ಎಂಬುದೂ ಮುಖ್ಯ. ದೊಡ್ಡ ಬ್ಯಾಂಕಿನ ಶಾಖೆಯಲ್ಲಿ ಒಬ್ಬ ಹೋದರೆ ಇನ್ನೊಬ್ಬ ಬಂದು ಕೂರುತ್ತಾನೆ. ದೊಡ್ಡ ಕಂಪನಿಯ ಲೆಕ್ಕವಿಭಾಗದಲ್ಲೂ ತಿಂಗಳುಗಳನ್ನು ಹೊಂದಿಸಿಕೊಳ್ಳಬಹುದು. ಆದರೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ ವರ್ಷದ ಕೊನೆಯದನ್ನು ಬಿಟ್ಟು ಪ್ರತಿ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಪ್ರಕಟಿಸಬೇಕು, ಆ ದಿನಗಳಲ್ಲಿ ಯಾರನ್ನೂ ಬಿಡುವುದಿಲ್ಲ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಪರದೆಯಿಂದ ಕಣ್ಣು ಕೀಳದೆ ಷೇರು ವ್ಯವಹಾರ ಮಾಡುವವನಿಗೆ ಎರಡು ತಿಂಗಳ ಅಗಲಿಕೆ ಇನ್ನೂ ಕಷ್ಟ.

ಎಲ್ಲರಿಗಿಂತ ಇಕ್ಕಟ್ಟು ಒಬ್ಬಂಟಿಯಾಗಿ ಕಚೇರಿ ನಡೆಸುವ ಚಾರ್ಟರ್ಡ್ ಅಕೌಂಟೆಂಟಿನದು. ಪ್ರತಿ ತಿಂಗಳ ಜಿಎಸ್‌ಟಿ, ಬೇಸಿಗೆ ಕಳೆದ ಮೇಲೆ ಆದಾಯ ತೆರಿಗೆ ವಿವರಗಳು, ಅದರ ಬೆನ್ನಿಗೇ ತೆರಿಗೆ ಲೆಕ್ಕಪರಿಶೋಧನೆ, ಹೀಗೆ ಅವನ ಪಂಚಾಂಗದಲ್ಲಿ ಗಡುವುಗಳೇ ಹಬ್ಬಗಳು. ಸಹಾಯಕರು ಲೆಕ್ಕ ಬರೆದಿಡಬಹುದು, ಸಹಿ ಹಾಕಲಾರರು. 2019ರಿಂದ ಸಿಎಗಳು ನೀಡುವ ಪ್ರಮಾಣಪತ್ರ, ವರದಿಗಳಿಗೆ ಯುಡಿಐಎನ್ ಎಂಬ 18 ಅಂಕಿ ಅಕ್ಷರಗಳ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದನ್ನು ಪಡೆಯಬೇಕಾದವನು ಸಹಿ ಮಾಡಿದವನೇ. ಗುಡ್ಡದ ಮೇಲಿನ ಶಿಬಿರದಲ್ಲಿ ನಕ್ಷೆ ಓದುವ ಪಾಠ ಕಲಿಯುತ್ತಿರುವವನಿಂದ ಅದು ಆಗುವ ಕೆಲಸವಲ್ಲ. ಅಂಥವನಿಗೆ ನಂಬಿಕೆಯ ಪಾಲುದಾರನೊಬ್ಬ ಇರಲೇಬೇಕು.

ಖಾಲಿ ಕುರ್ಚಿಯ ಉಪಯೋಗ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ‘ನಾನಿಲ್ಲದಿದ್ದರೆ ಈ ಕಚೇರಿ ಒಂದು ದಿನವೂ ನಡೆಯುವುದಿಲ್ಲ’ ಎನ್ನುವವರನ್ನು ನಾವು ಮೆಚ್ಚುತ್ತೇವೆ. ಹಣಕಾಸಿನ ಪ್ರಪಂಚದಲ್ಲಿ ಮಾತ್ರ ಅದು ಅಪಾಯದ ಗಂಟೆ. 1762ರಲ್ಲಿ ಸ್ಥಾಪನೆಯಾಗಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕು 1995ರಲ್ಲಿ ನೆಲಕಚ್ಚಿದ್ದು ಸಿಂಗಪುರದಲ್ಲಿದ್ದ ನಿಕ್ ಲೀಸನ್ ಎಂಬ ಒಬ್ಬ ನೌಕರನಿಂದ. ವ್ಯವಹಾರ ಮಾಡುವವನೂ ಅವನೇ, ಅದರ ಲೆಕ್ಕ ಹೊಂದಿಸುವವನೂ ಅವನೇ. 88888 ಎಂಬ ಸಂಖ್ಯೆಯ ಖಾತೆಯೊಂದರಲ್ಲಿ ಅವನು ಬಚ್ಚಿಟ್ಟ ನಷ್ಟ ಕೊನೆಗೆ 80 ಕೋಟಿ ಪೌಂಡ್ ದಾಟಿತು. ಬ್ಯಾಂಕು ಮಾರಾಟವಾದದ್ದು ಒಂದು ಪೌಂಡಿಗೆ.

ಇಂಥ ಪಾಠಗಳಿಂದಲೇ ಕಡ್ಡಾಯ ರಜೆ ಎಂಬ ಪದ್ಧತಿ ಗಟ್ಟಿಯಾಯಿತು. ನಮ್ಮ ರಿಸರ್ವ್ ಬ್ಯಾಂಕಿನ ಸೂಚನೆಯಂತೆ, ಬ್ಯಾಂಕಿನ ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೇ ರಜೆಯ ಮೇಲೆ ಕಳುಹಿಸಬೇಕು, ಅದೂ ಮುಂಚಿತವಾಗಿ ತಿಳಿಸದೆ. ಆ ಅವಧಿಯಲ್ಲಿ ಅವರಿಗೆ ಕೆಲಸದ ಗಣಕ ವ್ಯವಸ್ಥೆಯ ಬಾಗಿಲು ಮುಚ್ಚಿರುತ್ತದೆ. ಅವರ ಮೇಜಿನ ಕೆಲಸವನ್ನು ಬೇರೊಬ್ಬ ಮಾಡಿದಾಗ ಏನಾದರೂ ಹುಳುಕಿದ್ದರೆ ತಾನಾಗಿ ಹೊರಬೀಳುತ್ತದೆ. ಟಿಎ ಶಿಬಿರವನ್ನು ಈ ಕಡ್ಡಾಯ ರಜೆಯ ಬದಲಿಗೆ ಲೆಕ್ಕ ಹಿಡಿಯಲಾಗದು, ಏಕೆಂದರೆ ಅದು ಮೊದಲೇ ಗೊತ್ತಾದ ರಜೆ. ಆದರೂ ಮೇಲಧಿಕಾರಿಯ ಮುಂದೆ ಕೂತು ಒಪ್ಪಿಗೆ ಕೇಳುವ ಯುವಕನಿಗೆ ಇದು ಒಳ್ಳೆಯ ವಾದ: ತನ್ನ ಕೆಲಸವನ್ನು ಇನ್ನೊಬ್ಬ ಎತ್ತಿಕೊಳ್ಳುವಂತೆ ಬರೆದಿಟ್ಟು ಹೋಗುವ ನೌಕರ ಬ್ಯಾಂಕಿಗೆ ನಷ್ಟವಲ್ಲ. ಸೇನೆಯಲ್ಲಂತೂ ಪಹರೆ ಬದಲಾಗುವಾಗ ಎಲ್ಲವನ್ನೂ ಎಣಿಸಿ ಒಪ್ಪಿಸುವುದು ದಿನನಿತ್ಯದ ಅಭ್ಯಾಸ.

ಸೇನೆಯ ಶಿಸ್ತು ಕಚೇರಿಯ ಯಶಸ್ಸಿಗೆ ಮೆಟ್ಟಿಲು ಎಂದು ಹೇಳುವವರುಂಟು. ಅದು ಪೂರ್ತಿ ನಿಜವೂ ಅಲ್ಲ, ಸುಳ್ಳೂ ಅಲ್ಲ. ಮೂವತ್ತು ಜನರನ್ನು ಮಳೆಯಲ್ಲಿ ನಡೆಸಿಕೊಂಡು ಹೋದವನಿಗೆ ಸಭೆಯಲ್ಲಿ ಮಾತನಾಡಲು ಅಂಜಿಕೆ ಇರಲಾರದು. ಆದರೆ ಸಂಬಳ ಹೆಚ್ಚಲಿ, ಬಯೋಡೇಟಾ ಮಿನುಗಲಿ ಎಂದಷ್ಟೇ ಟಿಎ ಸೇರುವವನು ಮೊದಲ ಶಿಬಿರದಲ್ಲೇ ಸುಸ್ತಾಗುತ್ತಾನೆ.

ಕರೆ ಬಂದಾಗ

ಕೊನೆಗೂ ಇದು ಸೈನ್ಯ, ಹವ್ಯಾಸಿ ಸಂಘವಲ್ಲ. 2025ರ ಮೇ 6ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯೊಂದು ಇದನ್ನು ಎಲ್ಲರಿಗೂ ನೆನಪಿಸಿತು. ಟಿಎ ನಿಯಮಗಳ ಪ್ರಕಾರ ಅಧಿಕಾರಿಗಳನ್ನೂ ಜವಾನರನ್ನೂ ಕಾವಲು ಕೆಲಸಕ್ಕೆ ಅಥವಾ ಖಾಯಂ ಸೇನೆಯ ನೆರವಿಗೆ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಅದು ನೀಡಿತು. 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ವಿವಿಧ ಕಮಾಂಡ್‌ಗಳಲ್ಲಿ ನಿಯೋಜಿಸುವ ಮಾತು ಅದರಲ್ಲಿತ್ತು. ಪಹಲ್ಗಾಮ್ ಹತ್ಯಾಕಾಂಡದ ನಂತರ ಗಡಿಯಲ್ಲಿ ಕಾವು ಏರಿದ್ದ ದಿನಗಳವು. ಎರಡು ತಿಂಗಳ ಲೆಕ್ಕ ಹಾಕಿಕೊಂಡವನ ಮನೆಗೆ ಅನಿರ್ದಿಷ್ಟ ಕಾಲದ ಕರೆ ಬರಬಹುದು. ಅದಕ್ಕೆ ‘ನಮ್ಮಲ್ಲಿ ಆಡಿಟ್ ನಡೀತಿದೆ ಸಾರ್’ ಎಂಬ ಉತ್ತರ ನಡೆಯುವುದಿಲ್ಲ. ಮಗ ಅರ್ಜಿ ತುಂಬುವ ಮುನ್ನವೇ ಮನೆಯವರೆಲ್ಲ ಈ ಸಾಧ್ಯತೆಯನ್ನು ಬಾಯಿಬಿಟ್ಟು ಆಡಿ ಮುಗಿಸಿರುವುದು ಒಳ್ಳೆಯದು.

ಮಗ ಎಂದಷ್ಟೇ ಏಕೆ? ಟಿಎಯಲ್ಲಿ ಮಹಿಳೆಯರಿಗೂ ಅವಕಾಶವಿದೆ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪು ನೀಡಿತು. ಈಗ ಮಗಳೂ ಅರ್ಜಿ ಹಾಕಬಹುದು.

ಆಯ್ಕೆಯ ಮೊದಲ ಮೆಟ್ಟಿಲು ಲಿಖಿತ ಪರೀಕ್ಷೆ. ತಾರ್ಕಿಕ ಶಕ್ತಿ, ಗಣಿತ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಇವು ವಿಷಯಗಳು. ಗಣಿತ ಎಸ್‌ಎಸ್‌ಎಲ್‌ಸಿ ಮಟ್ಟದ್ದು. ಹತ್ತನೆಯ ತರಗತಿಯ ಪುಸ್ತಕವನ್ನು ರದ್ದಿಗೆ ಹಾಕದೆ ಇಟ್ಟುಕೊಂಡವರಿಗೆ ಪ್ರಯೋಜನ ಉಂಟು. ನಂತರ ಪ್ರಾಥಮಿಕ ಸಂದರ್ಶನ, ಆಮೇಲೆ ಐದು ದಿನಗಳ ಎಸ್‌ಎಸ್‌ಬಿ, ಕೊನೆಗೆ ವೈದ್ಯಕೀಯ ತಪಾಸಣೆ. ಎಸ್‌ಎಸ್‌ಬಿ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಹತ್ತು ವರ್ಷ ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿಕೊಂಡ ಲೆಕ್ಕಿಗನಿಗೆ ಲಿಖಿತ ಪರೀಕ್ಷೆಗಿಂತ ಕೊನೆಯ ಮೆಟ್ಟಿಲೇ ದೊಡ್ಡದು. ಅಧಿಸೂಚನೆಯ ವಿವರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು, ಆಯಾ ವರ್ಷದ್ದನ್ನೇ ಓದಿಕೊಳ್ಳಬೇಕು. ಸಿಎ ಓದುತ್ತಿರುವವರು, ಆರ್ಟಿಕಲ್‌ಶಿಪ್ ಮಾಡುತ್ತಿರುವವರು ಸದ್ಯಕ್ಕೆ ಅದನ್ನು ಮುಗಿಸುವುದೇ ಸರಿ. 42ರವರೆಗೆ ಕಾಲಾವಕಾಶವಿರುವಾಗ ಆತುರವೇಕೆ?

ಇನ್ನು ಹಣದ ಮಾತು. ಶಿಬಿರ, ತರಬೇತಿಯ ದಿನಗಳಿಗೆ ಟಿಎ ಅಧಿಕಾರಿಗೆ ಖಾಯಂ ಸೇನೆಯ ಅದೇ ದರ್ಜೆಯ ಸಂಬಳ ಸಿಗುತ್ತದೆ. ಉಳಿದ ದಿನಗಳಿಗೆ ಇಲ್ಲ. ನಿವೃತ್ತಿ ವೇತನದ ಭರವಸೆಯೂ ಇಲ್ಲ. ಏಳನೇ ವೇತನ ಆಯೋಗದಂತೆ ಲೆಫ್ಟಿನೆಂಟ್ ದರ್ಜೆಯ ಮೂಲವೇತನ 56,100 ರೂಪಾಯಿಯಿಂದ ಆರಂಭ, ಸೇನಾ ಸೇವಾ ವೇತನ 15,500. ಎರಡೂ ಸೇರಿ 71,600. ತಿಂಗಳಿಗೆ ಒಂದೂವರೆ ಲಕ್ಷ ಸಂಬಳದ ಖಾಸಗಿ ಕಂಪನಿಯವನೊಬ್ಬ ವೇತನರಹಿತ ರಜೆಯ ಮೇಲೆ ಹೋದನೆಂದು ಇಟ್ಟುಕೊಳ್ಳಿ. ತಿಂಗಳಿಗೆ 78,400 ರೂಪಾಯಿ ಕಡಿಮೆ. ಮೊದಲ ಎರಡು ವರ್ಷದ ಎಂಟು ತಿಂಗಳಿಗೆ 6,27,200. ತುಟ್ಟಿಭತ್ಯೆ ಮುಂತಾದವು ಸೇರಿದರೆ ಈ ಅಂತರ ತಗ್ಗುತ್ತದೆ, ಆದರೆ ಮನೆ ಸಾಲದ ಕಂತು ತಗ್ಗುವುದಿಲ್ಲ.

ಅರ್ಜಿ ಹಾಕಿದ ದಿನದಿಂದ ಹೆಗಲ ಮೇಲೆ ನಕ್ಷತ್ರ ಬರುವಷ್ಟರಲ್ಲಿ ಸಾಕಷ್ಟು ಕಾಲ ಹಿಡಿಯುತ್ತದೆ. ಆ ಕಾಲವನ್ನು ಸುಮ್ಮನೆ ಕಳೆಯದೆ ತಿಂಗಳಿಗೆ 26 ಸಾವಿರದಂತೆ ಆರ್‌ಡಿ ಕಟ್ಟುತ್ತ ಹೋದರೆ ಎರಡು ವರ್ಷದಲ್ಲಿ ಈ ಕೊರತೆಯಷ್ಟು ಹಣ ಕೈಯಲ್ಲಿರುತ್ತದೆ. ಆ ಖಾತೆಗೆ ಹೆಂಡತಿಯ ಅಥವಾ ಅಮ್ಮನ ಹೆಸರನ್ನು ಜಂಟಿಯಾಗಿ ಸೇರಿಸಿ, ಅವರ ಮೊಬೈಲಿಗೇ ಬ್ಯಾಂಕಿನ ಸಂದೇಶ ಹೋಗುವಂತೆ ಮಾಡಿರಬೇಕು. ಗಡಿಯ ಹತ್ತಿರದ ಶಿಬಿರದಿಂದ ಒಟಿಪಿ ಹೇಳಲು ಫೋನ್ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಮನೆ ನಡೆಸಲಾಗದು.